ಆಳಂದ, ಅಫಜಲಪುರ, ಜೇವರ್ಗಿ: ಕೂಡಿ ಓದುವ ಕೆಮಿಸ್ಟ್ರಿ

ತೊಗರಿ ರಾಶಿ ಮುಗಿದು, ಬಿಳಿಜೋಳದ ಕಟಾವಿಗೆ ಹೊಲ ಸಿದ್ಧವಾಗುವ ಹೊತ್ತು. ಕಲಬುರಗಿ ಜಿಲ್ಲೆಯಲ್ಲಿ ಬಿಸಿಲು ಏರತೊಡಗುವುದೂ, ದ್ವಿತೀಯ ಪಿಯುಸಿ ಪರೀಕ್ಷೆಯ ವೇಳಾಪಟ್ಟಿ ಕಾಲೇಜಿನ ಫಲಕದ ಮೇಲೆ ಬೀಳುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳ ಹಾಸ್ಟೆಲುಗಳಲ್ಲಿ, ಬಾಡಿಗೆ ಖೋಲಿಗಳಲ್ಲಿ, ಗುಡಿಯ ಕಟ್ಟೆಗಳ ಮೇಲೆ ನಾಲ್ಕೈದು ಮಂದಿ ಸುತ್ತುಗೂಡಿ ಓದುವ ದೃಶ್ಯ ಆ ದಿನಗಳಲ್ಲಿ ಸಾಮಾನ್ಯ. ಒಬ್ಬ ಪುಸ್ತಕ ಹಿಡಿದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುತ್ತಾನೆ. ಇನ್ನೊಬ್ಬ ಅದನ್ನು ಕನ್ನಡದಲ್ಲಿ ಹೇಳುತ್ತಾನೆ. ಮೂರನೆಯವ ‘ಹಂಗ್ಯಾಕ?’ ಎಂದು ಕೇಳುತ್ತಾನೆ. ಉತ್ತರ ಹೊಳೆಯದೆ ಎಲ್ಲರೂ ಮತ್ತೆ ಪುಸ್ತಕದ ಮೇಲೆ ಬಾಗುತ್ತಾರೆ.

ಇಂಥ ಗುಂಪುಗಳಲ್ಲಿ ಹೆಚ್ಚು ಹೊತ್ತು ಹಿಡಿಯುವ ವಿಷಯಗಳಲ್ಲಿ ರಸಾಯನಶಾಸ್ತ್ರ ಒಂದು. ಹುಡುಗರ ಬಾಯಲ್ಲಿ ಅದು ‘ಕೆಮಿಸ್ಟ್ರಿ’. ಗಣಿತದ ಲೆಕ್ಕವನ್ನು ಒಬ್ಬರೇ ಕೂತು ಬಿಡಿಸಿ, ಉತ್ತರ ಸರಿಯಿದೆಯೇ ಎಂದು ಪುಸ್ತಕದ ಕೊನೆಯ ಪುಟ ತೆರೆದು ನೋಡಬಹುದು. ರಸಾಯನಶಾಸ್ತ್ರದ ಬಗೆ ಬೇರೆ. ಇಲ್ಲಿ ಲೆಕ್ಕವಿದೆ, ಬಾಯಿಪಾಠವಿದೆ, ಚಿತ್ರವಿದೆ, ಕೈಕೆಲಸವಿದೆ. ಎಲ್ಲಕ್ಕೂ ಮಿಗಿಲಾಗಿ ಅದೊಂದು ಹೊಸ ಭಾಷೆ. ಭಾಷೆಯನ್ನು ಯಾರೂ ಒಬ್ಬರೇ ಕೂತು ಕಲಿಯುವುದಿಲ್ಲ; ಮಾತಾಡಲು ಎದುರಿಗೊಬ್ಬರು ಬೇಕು. ಈ ಮೂರು ತಾಲ್ಲೂಕುಗಳ ಮಕ್ಕಳು ಕೂಡಿ ಓದುವುದಕ್ಕೆ ಸ್ನೇಹ, ಬಡತನ, ವಿದ್ಯುತ್ ದೀಪದ ಉಳಿತಾಯ ಎಂದು ಹಲವು ಕಾರಣ ಹೇಳಬಹುದು. ಆದರೆ ಅದರ ಮೂಲ ಇರುವುದು ಈ ಭಾಷೆಯ ಪ್ರಶ್ನೆಯಲ್ಲಿ.

ನೂರು ಅಂಕದ ಮೂರು ಬಾಗಿಲು

ಪರೀಕ್ಷೆಯ ಸ್ವರೂಪವನ್ನು ಮೊದಲು ನೋಡೋಣ. ದ್ವಿತೀಯ ಪಿಯುಸಿ ರಸಾಯನಶಾಸ್ತ್ರಕ್ಕೆ ಒಟ್ಟು 100 ಅಂಕ. ಅದರಲ್ಲಿ 70 ಲಿಖಿತ ಪರೀಕ್ಷೆಗೆ, 30 ಪ್ರಾಯೋಗಿಕಕ್ಕೆ. ಸದ್ಯದ ಪಠ್ಯದಲ್ಲಿ ಹತ್ತು ಅಧ್ಯಾಯಗಳಿವೆ. ದ್ರಾವಣಗಳು, ವಿದ್ಯುತ್ ರಸಾಯನ ಮತ್ತು ರಾಸಾಯನಿಕ ಕ್ರಿಯೆಗಳ ವೇಗ, ಈ ಮೂರರಲ್ಲಿ ಲೆಕ್ಕ ಹೆಚ್ಚು. ಮುಂದಿನ ಎರಡು, ಲೋಹಗಳ ಗುಂಪುಗಳನ್ನೂ ಅವು ಕಟ್ಟುವ ಸಂಕೀರ್ಣ ಸಂಯುಕ್ತಗಳನ್ನೂ ಕುರಿತವು. ಉಳಿದ ಐದು ಇಂಗಾಲದ ಸಂಸಾರ: ಆಲ್ಕೊಹಾಲು, ಆಲ್ಡಿಹೈಡು, ಅಮೈನು ಮುಂತಾಗಿ ಹೊರಟು ಸಕ್ಕರೆ, ಪ್ರೋಟೀನುಗಳವರೆಗೆ. ಹಿಂದೆ ಇದ್ದ ಘನಸ್ಥಿತಿ, ಪಾಲಿಮರುಗಳಂಥ ಕೆಲವು ಅಧ್ಯಾಯಗಳು ಈಚಿನ ಪರಿಷ್ಕರಣೆಯಲ್ಲಿ ಕೈಬಿಟ್ಟುಹೋಗಿವೆ.

ಅಂಕದ ಬೆಲೆ ತೇರ್ಗಡೆಗೆ ಮುಗಿಯುವುದಿಲ್ಲ. ಎಂಜಿನಿಯರಿಂಗ್ ರ್‍ಯಾಂಕ್ ನಿರ್ಧಾರದಲ್ಲಿ ಸಿಇಟಿ ಅಂಕಕ್ಕೆ ಅರ್ಧ ಪಾಲಾದರೆ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಇನ್ನರ್ಧ. ಸಿಇಟಿಯಲ್ಲೂ ರಸಾಯನಶಾಸ್ತ್ರಕ್ಕೆ 60 ಅಂಕವಿದೆ. ವೈದ್ಯಕೀಯಕ್ಕೆ ಹೋಗುವವರು ಬರೆಯುವ ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ರಸಾಯನಶಾಸ್ತ್ರದ ಪಾಲು 180. ವೈದ್ಯ, ಎಂಜಿನಿಯರ್, ಔಷಧ ತಜ್ಞ, ಯಾವ ದಾರಿ ಹಿಡಿದರೂ ಈ ಒಂದು ವಿಷಯವನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಗಣಿತ ಬೇಡವೆಂದು ಜೀವಶಾಸ್ತ್ರ ಹಿಡಿದವರಿಗೂ, ಜೀವಶಾಸ್ತ್ರ ಬೇಡವೆಂದು ಗಣಿತ ಹಿಡಿದವರಿಗೂ ರಸಾಯನಶಾಸ್ತ್ರ ಮಾತ್ರ ತಪ್ಪಿದ್ದಲ್ಲ.

‘ರೇಟು’ ಎಂದರೆ ಬೆಲೆಯಲ್ಲ

ಈ ಭಾಗದ ಹಳ್ಳಿಗಳ ಬಹುಪಾಲು ಮಕ್ಕಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಕೆಲವರು ಉರ್ದು ಶಾಲೆಯಿಂದ ಬರುತ್ತಾರೆ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ಆಳಂದ ತಾಲ್ಲೂಕಿನಲ್ಲಿ ಮರಾಠಿ ಬಲ್ಲ ಮನೆಗಳು ಬಹಳ. ತಾಂಡಾಗಳಿಂದ ಬರುವವರ ಮನೆಮಾತು ಲಂಬಾಣಿ. ಇಷ್ಟು ದಾರಿಗಳಿಂದ ಬಂದವರೆಲ್ಲ ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನವೇ ಇಂಗ್ಲಿಷ್ ಪುಸ್ತಕದ ಮುಂದೆ ಕೂರುತ್ತಾರೆ. ಆಮ್ಲ, ಪ್ರತ್ಯಾಮ್ಲ, ಲವಣ, ಉತ್ಕರ್ಷಣ, ಅಪಕರ್ಷಣ ಎಂದು ಕಲಿತದ್ದೆಲ್ಲ ಆ್ಯಸಿಡ್, ಬೇಸ್, ಸಾಲ್ಟ್, ಆಕ್ಸಿಡೇಷನ್, ರಿಡಕ್ಷನ್ ಆಗುತ್ತದೆ.

ಗೊತ್ತಿಲ್ಲದ ಇಂಗ್ಲಿಷ್ ಪದದ ಕಾಟ ದೊಡ್ಡದಲ್ಲ. ನಿಘಂಟು ನೋಡಿದರೆ ಆಯಿತು. ಗೊತ್ತಿರುವ ಪದ ಬೇರೆ ಅರ್ಥದಲ್ಲಿ ಬಂದಾಗಲೇ ತೊಡಕು. ‘ರೇಟು’ ಎಂದರೆ ಈ ಊರುಗಳಲ್ಲಿ ಯಾರಿಗೆ ತಿಳಿಯದು? ಅಡತಿ ಅಂಗಡಿಯಲ್ಲಿ ತೊಗರಿಗೆ ಸಿಗುವ ಬೆಲೆ. ರಸಾಯನಶಾಸ್ತ್ರದಲ್ಲಿ ಅದು ಕ್ರಿಯೆಯ ವೇಗ. ‘ಸೊಲ್ಯೂಷನ್’ ಗಣಿತದ ತರಗತಿಯಲ್ಲಿ ಪರಿಹಾರ, ಮುಂದಿನ ಗಂಟೆಯಲ್ಲಿ ದ್ರಾವಣ. ‘ಸೆಲ್’ ಜೀವಶಾಸ್ತ್ರದಲ್ಲಿ ಜೀವಕೋಶ, ಇಲ್ಲಿ ವಿದ್ಯುತ್ ಕೋಶ. ‘ಆರ್ಡರ್’ ಅಂದರೆ ಅಪ್ಪಣೆಯಲ್ಲ. ವಸ್ತುವಿನ ಸಾರತೆ ಬದಲಾದಂತೆ ಕ್ರಿಯೆಯ ವೇಗ ಎಷ್ಟು ಪಟ್ಟು ಬದಲಾಗುತ್ತದೆ ಎಂಬುದರ ಅಳತೆ. ಇಂಥ ಕಡೆ ಎಡವಿದ ವಿದ್ಯಾರ್ಥಿಗೆ ತಾನು ಎಡವಿದ್ದೇ ತಿಳಿಯುವುದಿಲ್ಲ. ಅವನು ಆ ಪದವನ್ನು ಗಟ್ಟಿಯಾಗಿ ಹೇಳಿದಾಗ, ಎದುರಿಗಿರುವವನು ‘ಅದು ಹಂಗಲ್ಲೋ’ ಎಂದಾಗ ಮಾತ್ರ ತಪ್ಪು ಬಯಲಾಗುತ್ತದೆ. ಕೂಡಿ ಓದುವುದರ ಮೊದಲ ಲಾಭ ಇದೇ.

ಇದು ನೂರು ವರ್ಷದ ಪ್ರಶ್ನೆ

ಮನೆಮಾತು ಒಂದು, ವಿಜ್ಞಾನದ ಮಾತು ಇನ್ನೊಂದು ಎಂಬ ಈ ಇಕ್ಕಟ್ಟು ಇಲ್ಲಿಗೆ ಹೊಸದಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಸಂಸ್ಥಾನದ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಹುಟ್ಟಿದಾಗ, ವಿಜ್ಞಾನವನ್ನೂ ಸೇರಿಸಿ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ಕೊಡುವ ದೊಡ್ಡ ಪ್ರಯೋಗಕ್ಕೆ ಕೈಹಾಕಿತು. ಅದಕ್ಕೆಂದೇ 1917ರಲ್ಲಿ ಅನುವಾದ ವಿಭಾಗವೊಂದನ್ನು ತೆರೆದು, ಪಠ್ಯಪುಸ್ತಕಗಳನ್ನು ಉರ್ದುವಿಗೆ ತಂದು, ಪಾರಿಭಾಷಿಕ ಪದಗಳನ್ನು ಟಂಕಿಸಲಾಯಿತು. ಭಾರತೀಯ ಭಾಷೆಯೊಂದರಲ್ಲಿ ವಿಶ್ವವಿದ್ಯಾಲಯ ಮಟ್ಟದ ವಿಜ್ಞಾನ ಬೋಧನೆ ಸಾಧ್ಯವೆಂದು ತೋರಿಸಿದ ಪ್ರಯತ್ನ ಅದು. ಆದರೆ ಜೇವರ್ಗಿಯ ಹಳ್ಳಿಯಿಂದ ಹೊರಟ ಕನ್ನಡದ ಹುಡುಗನಿಗೆ ಅದೂ ಪರಭಾಷೆಯೇ. ಸಂಸ್ಥಾನ ಹೋದ ಮೇಲೆ ಉಸ್ಮಾನಿಯಾದಲ್ಲಿ ಉರ್ದುವಿನ ಜಾಗಕ್ಕೆ ಇಂಗ್ಲಿಷ್ ಬಂತು. 1956ರಲ್ಲಿ ಈ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಶಾಲೆ ಕನ್ನಡಕ್ಕೆ ತಿರುಗಿತು, ಕಾಲೇಜಿನ ವಿಜ್ಞಾನ ಇಂಗ್ಲಿಷಿನಲ್ಲೇ ಉಳಿಯಿತು.

ಕನ್ನಡದಲ್ಲಿ ವಿಜ್ಞಾನ ಬರೆಯುವ ಕೆಲಸ ನಿಂತಿರಲಿಲ್ಲ. ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆ.ಆರ್. ಲಕ್ಷ್ಮಣರಾವ್ ಅವರಂಥವರು ಬದುಕಿನುದ್ದಕ್ಕೂ ಆ ಕೆಲಸ ಮಾಡಿದರು. 1978ರಲ್ಲಿ ಆರಂಭವಾದ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಶಾಲಾ ಮಕ್ಕಳ ಕೈಗೆ ಕನ್ನಡದ ವಿಜ್ಞಾನವನ್ನು ಮುಟ್ಟಿಸಿತು. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇಷ್ಟಾದರೂ ಪಿಯುಸಿ ತರಗತಿಯ ಪಾಠ, ಪುಸ್ತಕ, ನೋಟ್ಸುಗಳ ಭಾಷೆ ಇಂಗ್ಲಿಷೇ. ಉಸ್ಮಾನಿಯಾಕ್ಕೆ ಒಂದು ಅನುವಾದ ವಿಭಾಗವಿತ್ತು. ಇಂದಿನ ಹುಡುಗರಿಗೆ ಆ ವಿಭಾಗವೆಂದರೆ ಖೋಲಿಯಲ್ಲಿ ಪಕ್ಕಕ್ಕೆ ಕೂತ ಗೆಳೆಯ.

ವಿಜ್ಞಾನಿಗಳೂ ಕೂಡಿ ಕುಳಿತಿದ್ದರು

ರಸಾಯನಶಾಸ್ತ್ರದ ಭಾಷೆ ಕಠಿಣವೆಂದು ಪಿಯುಸಿ ಹುಡುಗರು ಗೊಣಗಿದರೆ ತಪ್ಪಿಲ್ಲ. ಒಂದು ಕಾಲಕ್ಕೆ ರಸಾಯನ ವಿಜ್ಞಾನಿಗಳೇ ಒಬ್ಬರ ಬರಹ ಇನ್ನೊಬ್ಬರಿಗೆ ತಿಳಿಯದೆ ಒದ್ದಾಡಿದ್ದರು. ಪರಮಾಣುವಿನ ತೂಕ ಎಷ್ಟೆಂಬುದರಲ್ಲಿ ಒಮ್ಮತವಿರಲಿಲ್ಲ. ಹಾಗಾಗಿ ಒಂದೇ ವಸ್ತುವಿಗೆ ಒಬ್ಬೊಬ್ಬರದು ಒಂದೊಂದು ಸೂತ್ರ. ಜರ್ಮನಿಯ ಕೆಕುಲೆ 1861ರ ತನ್ನ ಪುಸ್ತಕದಲ್ಲಿ ವಿನೆಗರಿನ ಅಸಿಟಿಕ್ ಆಮ್ಲವೊಂದಕ್ಕೇ ಬಳಕೆಯಲ್ಲಿದ್ದ 19 ಸೂತ್ರಗಳನ್ನು ಪಟ್ಟಿ ಮಾಡಿದ್ದ.

ಈ ಗೊಂದಲ ಬಗೆಹರಿಸಲು 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರುಹೆ ನಗರದಲ್ಲಿ ಯುರೋಪಿನ ನಾನಾ ದೇಶಗಳ ನೂರಕ್ಕೂ ಹೆಚ್ಚು ರಸಾಯನ ವಿಜ್ಞಾನಿಗಳು ಸೇರಿದರು. ಸಭೆಯಲ್ಲೇ ತೀರ್ಮಾನವೇನೂ ಆಗಲಿಲ್ಲ. ಆದರೆ ಇಟಲಿಯ ಕ್ಯಾನಿಜಾರೊ ಬರೆದ ಸಣ್ಣ ಪುಸ್ತಿಕೆಯ ಪ್ರತಿಗಳನ್ನು ಅಲ್ಲಿ ಹಂಚಲಾಯಿತು. ಪರಮಾಣು ತೂಕಗಳನ್ನು ನಿರ್ಧರಿಸುವ ಸರಿಯಾದ ದಾರಿ ಅದರಲ್ಲಿತ್ತು. ಆ ಸಭೆಯಲ್ಲಿದ್ದ ರಷ್ಯದ ಯುವಕ ಮೆಂಡೆಲೀವ್ ಒಂಬತ್ತು ವರ್ಷಗಳ ಮೇಲೆ, 1869ರಲ್ಲಿ, ಧಾತುಗಳ ಆವರ್ತ ಕೋಷ್ಟಕವನ್ನು ಪ್ರಕಟಿಸಿದ. ಇಂದು ಪ್ರತಿ ಕಾಲೇಜಿನ ಪ್ರಯೋಗಾಲಯದ ಗೋಡೆಯಲ್ಲಿ ತೂಗುವ ಆ ಕೋಷ್ಟಕದ ಹಿಂದೆ, ಒಬ್ಬರ ಮಾತು ಒಬ್ಬರು ತಿಳಿಯಲೆಂದು ಕೂಡಿ ಕುಳಿತವರ ಪಾಲೂ ಇದೆ.

ಕ್ಯಾನಿಜಾರೊ ಹೆಸರು ಪಿಯುಸಿ ವಿದ್ಯಾರ್ಥಿಗಳಿಗೆ ಬೇರೊಂದು ಕಾರಣಕ್ಕೆ ಪರಿಚಿತ. 1853ರಲ್ಲಿ ಆತ ಕಂಡ ರಾಸಾಯನಿಕ ಕ್ರಿಯೆಯೊಂದು ಅವನ ಹೆಸರಿನಿಂದಲೇ ಪರೀಕ್ಷೆಗೆ ಬರುತ್ತದೆ. ಒಂದೇ ಬಗೆಯ ಎರಡು ಆಲ್ಡಿಹೈಡ್ ಅಣುಗಳು ಪ್ರಬಲ ಕ್ಷಾರದಲ್ಲಿ ಎದುರಾದಾಗ ಒಂದು ಉತ್ಕರ್ಷಣಗೊಂಡು ಆಮ್ಲದ ಲವಣವಾಗುತ್ತದೆ, ಇನ್ನೊಂದು ಅಪಕರ್ಷಣಗೊಂಡು ಆಲ್ಕೊಹಾಲ್ ಆಗುತ್ತದೆ. ಇಂಥ ‘ಹೆಸರಿನ ಕ್ರಿಯೆ’ಗಳು ಪಠ್ಯದಲ್ಲಿ ಹಲವಾರಿವೆ: ವುರ್ಟ್ಸ್, ಕೋಲ್ಬೆ, ವಿಲಿಯಮ್ಸನ್, ರೋಸೆನ್‌ಮುಂಡ್, ಕ್ಲೆಮೆನ್ಸನ್, ಸ್ಯಾಂಡ್‌ಮಯರ್. ಯುರೋಪಿನ ಈ ಹೆಸರುಗಳನ್ನು ನಾಲಗೆಗೆ ಹತ್ತಿಸುವುದೇ ಮೊದಲ ಪಾಠ. ಗುಂಪಿನಲ್ಲಿ ಒಬ್ಬ ಹೆಸರು ಹೇಳಬೇಕು, ಇನ್ನೊಬ್ಬ ಕ್ರಿಯೆ ಹೇಳಬೇಕು, ತಪ್ಪಿದರೆ ಮೊದಲಿನಿಂದ ಆರಂಭ. ಸಂಜೆ ಓಣಿಯಲ್ಲಿ ಹಾದುಹೋಗುವವರಿಗೆ ಇದು ಭಜನೆಯಂತೆ ಕೇಳಿದರೆ ಆಶ್ಚರ್ಯವಿಲ್ಲ.

ಕಡಕೋಳದ ನೆನಪು

ಭಜನೆಯ ಹೋಲಿಕೆ ಈ ನೆಲಕ್ಕೆ ಹೊರಗಿನದಲ್ಲ. ಬಾಯಿಂದ ಬಾಯಿಗೆ, ಗುಂಪಿನಲ್ಲಿ ಕೂತು ಜ್ಞಾನವನ್ನು ಉಳಿಸಿಕೊಂಡ ಹಳೆಯ ಪರಂಪರೆಯೊಂದು ಇಲ್ಲಿದೆ. ತತ್ವಪದಕಾರ ಕಡಕೋಳ ಮಡಿವಾಳಪ್ಪ ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ. ನೆಲೆನಿಂತ ಕಡಕೋಳ ಬಹುಕಾಲ ಜೇವರ್ಗಿ ತಾಲ್ಲೂಕಿನಲ್ಲಿದ್ದು, ಈಗ ಹೊಸ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಚೆನ್ನೂರಿನ ಜಲಾಲಸಾಹೇಬ, ಖೈನೂರಿನ ಕೃಷ್ಣಪ್ಪ, ತೆಲುಗಬಾಳದ ರೇವಪ್ಪ ಮೊದಲಾದವರು ಅವರ ಶಿಷ್ಯರು. ಜಾತಿ, ಮತಗಳ ಗೆರೆ ದಾಟಿದ ಬಳಗವದು. ಅವರ ಪದಗಳು ಅಚ್ಚಿಗೆ ಬರುವ ಮುನ್ನ ಎಷ್ಟೋ ಕಾಲ ಭಜನಾ ಮೇಳಗಳ ನಾಲಗೆಯ ಮೇಲೆ ಬದುಕಿದ್ದವು.

ಭಜನಾ ಮೇಳದಲ್ಲಿ ಒಬ್ಬ ಮುಂದೆ ಹಾಡಿದರೆ ಉಳಿದವರು ಹಿಂದೆ ಹೇಳುತ್ತಾರೆ. ಮರೆತವನಿಗೆ ಪಕ್ಕದವನ ದನಿಯೇ ಆಸರೆ. ಹಾಡು ಮುಗಿದ ಮೇಲೆ ಅದರ ಒಳಗುಟ್ಟನ್ನು ಬಿಡಿಸುವ ಮಾತುಕತೆ ನಡೆಯುತ್ತದೆ. ತತ್ವಪದದ ಸ್ವಾರಸ್ಯವೇ ಅದು: ಮೇಲಿನ ಅರ್ಥ ಒಂದು, ಒಳಗಿನ ಅರ್ಥ ಇನ್ನೊಂದು. ಬಾಯಿಪಾಠ ಮಾಡಿದವನು ಹಾಡಬಲ್ಲ. ಅರ್ಥ ಬಿಡಿಸಬಲ್ಲವನೇ ತಿಳಿದವನು. ಪರೀಕ್ಷೆಗೆ ಓದುವ ಗುಂಪಿಗೂ ಇದೇ ಮಾತು ಸಲ್ಲುತ್ತದೆ. ಹೆಸರಿನ ಕ್ರಿಯೆಗಳನ್ನು ಹಾಡಿನಂತೆ ಒಪ್ಪಿಸುವುದು ಮೊದಲ ಮೆಟ್ಟಿಲು ಮಾತ್ರ. ಪ್ರಶ್ನೆಪತ್ರಿಕೆ ಅದನ್ನೇ ತಿರುವಿ ಕೇಳಿದಾಗ ಕೈಹಿಡಿಯುವುದು ಅರ್ಥ.

ಕಬ್ಬಿನ ಗದ್ದೆಯಲ್ಲಿ ಒಂದು ಅಧ್ಯಾಯ

ಅರ್ಥ ಬಿಡಿಸುವಾಗ ಕನ್ನಡಕ್ಕೆ ತಿರುಗಿಸಿದರೆ ಸಾಲದು, ಊರಿಗೂ ತಿರುಗಿಸಬೇಕಾಗುತ್ತದೆ. ಅದಕ್ಕೊಂದು ಉದಾಹರಣೆ ಈ ತಾಲ್ಲೂಕುಗಳ ಹೊಲದಲ್ಲೇ ಇದೆ. ಭೀಮಾ ನದಿಯ ದಂಡೆಯ ಅಫಜಲಪುರದಲ್ಲಿ ಕಬ್ಬು ಬೆಳೆಯುತ್ತಾರೆ. ಅಲ್ಲಿನ ಹವಳಗಾ, ಆಳಂದ ತಾಲ್ಲೂಕಿನ ಭೂಸನೂರುಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಡಿದ ಕಬ್ಬನ್ನು ಬೇಗ ಅರೆಯಬೇಕು, ತಡವಾದರೆ ಸಕ್ಕರೆ ಇಳುವರಿ ಕುಸಿಯುತ್ತದೆ ಎಂಬುದು ಇಲ್ಲಿನ ಪ್ರತಿ ರೈತನಿಗೂ ಗೊತ್ತು. ಕಾರಣವೇನು? ಒಣಗಿ ತೂಕ ಇಳಿಯುವುದು ಒಂದು. ಕಬ್ಬಿನಲ್ಲಿರುವ ಸುಕ್ರೋಸ್ ಎಂಬ ಸಕ್ಕರೆ ನೀರಿನೊಡನೆ ವರ್ತಿಸಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಕ್ಕರೆಗಳಾಗಿ ಒಡೆಯುವುದು ಇನ್ನೊಂದು. ಇವೆರಡೂ ಸಿಹಿಯೇ, ಆದರೆ ಕಾರ್ಖಾನೆಗೆ ಬೇಕಾದ ಹರಳು ಕೊಡುವುದು ಸುಕ್ರೋಸ್.

ಇದೇ ಕ್ರಿಯೆ ಪಿಯುಸಿ ಪುಸ್ತಕದಲ್ಲಿ ಎರಡು ಕಡೆ ಬರುತ್ತದೆ. ಜೈವಿಕ ಅಣುಗಳ ಅಧ್ಯಾಯದಲ್ಲಿ ಸಕ್ಕರೆಯ ಗುಣವಾಗಿ, ಕ್ರಿಯಾವೇಗದ ಅಧ್ಯಾಯದಲ್ಲಿ ‘ಹುಸಿ ಪ್ರಥಮ ದರ್ಜೆ’ಯ ಕ್ರಿಯೆಯ ಉದಾಹರಣೆಯಾಗಿ. ಭಾಗವಹಿಸುವ ವಸ್ತುಗಳು ಎರಡು, ಸಕ್ಕರೆ ಮತ್ತು ನೀರು. ಆದರೆ ನೀರು ಎಷ್ಟು ಹೆಚ್ಚಿದೆಯೆಂದರೆ, ಅದು ಖರ್ಚಾದದ್ದು ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ವೇಗವೆಲ್ಲ ಸಕ್ಕರೆಯ ಸಾರತೆಯನ್ನೇ ಅವಲಂಬಿಸಿದಂತೆ ಕಾಣುತ್ತದೆ. ತುಂಬಿದ ಹೊಳೆಯಿಂದ ಒಂದು ಕೊಡ ಎತ್ತಿದರೆ ಹೊಳೆ ಇಳಿಯಿತೇ ಎಂದು ಗೆಳೆಯ ಕೇಳಿದರೆ ‘ಹುಸಿ’ ಎಂಬ ಪದದ ಅರ್ಥ ಒಮ್ಮೆಲೇ ಹೊಳೆಯುತ್ತದೆ.

ಇದರಲ್ಲಿ ಇತಿಹಾಸದ ಸ್ವಾರಸ್ಯವೂ ಇದೆ. ರಾಸಾಯನಿಕ ಕ್ರಿಯೆಯ ವೇಗವನ್ನು ಮೊದಲ ಬಾರಿಗೆ ಕ್ರಮಬದ್ಧವಾಗಿ ಅಳೆದವನು ಜರ್ಮನಿಯ ವಿಲ್‌ಹೆಲ್ಮಿ, 1850ರಲ್ಲಿ. ಅವನು ಅಳೆದದ್ದು ಕಬ್ಬಿನ ಸಕ್ಕರೆ ಆಮ್ಲದಲ್ಲಿ ಒಡೆಯುವ ಇದೇ ಕ್ರಿಯೆಯನ್ನು. ಹೀಗೆ ಭೀಮಾತೀರದ ಕಬ್ಬಿನ ‘ರೇಟಿ’ಗೂ ರಸಾಯನಶಾಸ್ತ್ರದ ‘ರೇಟಿ’ಗೂ ನಂಟು ಬೆಳೆಯುತ್ತದೆ. ಒಡೆಯುವ ವೇಗ ಹೆಚ್ಚಿದರೆ ಇಳುವರಿ ಇಳಿಯುತ್ತದೆ. ಕಬ್ಬಿನ ಬೆಲೆ ನಿಗದಿಯಲ್ಲಿ ಇಳುವರಿಗೂ ಸ್ಥಾನವಿದೆ. ದ್ರಾವಣಗಳ ಅಧ್ಯಾಯಕ್ಕೂ ಇಂಥ ಮನೆಯ ಉದಾಹರಣೆಗಳು ಸಿಗುತ್ತವೆ. ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ಸುಕ್ಕುಗಟ್ಟುವುದು ನೀರು ಒಳಗಿನಿಂದ ಗಟ್ಟಿ ಉಪ್ಪುನೀರಿನ ಕಡೆಗೆ ಹರಿಯುವುದರಿಂದ. ಪುಸ್ತಕದಲ್ಲಿ ಅದರ ಹೆಸರು ಆಸ್ಮಾಸಿಸ್. ಇಂಥ ಮಾತು ಹೊರಡುವುದು ನಾಲ್ಕು ಮನೆಯ ಅನುಭವ ಒಂದು ಕಡೆ ಸೇರಿದಾಗ.

ಬರ್ಕ್ಲಿಯಲ್ಲಿ ಕಂಡದ್ದು

ಕೂಡಿ ಓದುವುದರಿಂದ ನಿಜಕ್ಕೂ ಲಾಭವಿದೆಯೇ, ಇಲ್ಲ ಇದು ಹರಟೆಗೆ ನೆಪವೇ ಎಂಬ ಅನುಮಾನ ಹೆತ್ತವರಿಗೆ ಸಹಜ. ಈ ಪ್ರಶ್ನೆಗೆ ಉತ್ತರವಾಗಬಲ್ಲ ಪ್ರಸಿದ್ಧ ಅಧ್ಯಯನವೊಂದು ಅಮೆರಿಕದಲ್ಲಿ ನಡೆದಿದೆ. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತಜ್ಞರು, ಕಪ್ಪು ಜನಾಂಗದ ವಿದ್ಯಾರ್ಥಿಗಳು ಗಣಿತದಲ್ಲಿ ಹಿಂದುಳಿಯಲು ಕಾರಣವೇನೆಂದು ಹುಡುಕಹೊರಟರು. ಬುದ್ಧಿ, ಆಸಕ್ತಿ, ಮನೆಯ ಬೆಂಬಲ, ಯಾವುದರಲ್ಲೂ ಕೊರತೆ ಕಾಣಲಿಲ್ಲ. ಕಂಡದ್ದು ಒಂದೇ: ಅವರು ಒಬ್ಬೊಬ್ಬರೇ ಓದುತ್ತಿದ್ದರು. ಚೆನ್ನಾಗಿ ಅಂಕ ಗಳಿಸುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಲೆಕ್ಕ ಬಿಡಿಸಿ, ಒಬ್ಬರ ತಪ್ಪನ್ನೊಬ್ಬರು ತಿದ್ದುತ್ತಿದ್ದರು. ಕಷ್ಟದ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವ ಶಿಬಿರಗಳನ್ನು ಏರ್ಪಡಿಸಿದ ಮೇಲೆ, ಅವುಗಳಲ್ಲಿ ಪಾಲ್ಗೊಂಡವರ ಫಲಿತಾಂಶ ಗಮನಾರ್ಹವಾಗಿ ಸುಧಾರಿಸಿತು.

ಇದರ ತಿರುಳು ಸರಳ. ಓದುವಾಗ ಎಲ್ಲವೂ ತಿಳಿದಂತೆ ಅನಿಸುತ್ತದೆ. ಇನ್ನೊಬ್ಬರಿಗೆ ಹೇಳಲು ಬಾಯಿ ತೆರೆದಾಗಲೇ ಎಲ್ಲಿ ತಿಳಿದಿಲ್ಲವೆಂದು ಗೊತ್ತಾಗುವುದು. ಪ್ರಾಯೋಗಿಕ ಪರೀಕ್ಷೆಯಲ್ಲಂತೂ ಇದು ಕಣ್ಣಿಗೇ ಕಾಣುತ್ತದೆ. ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ನೇರಳೆ ದ್ರಾವಣವನ್ನು ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಡುತ್ತ, ಕೆಳಗಿನ ಶಂಕುವಿನಲ್ಲಿರುವ ಬಣ್ಣವಿಲ್ಲದ ದ್ರಾವಣ ತೆಳು ಗುಲಾಬಿಗೆ ತಿರುಗಿ ಹಾಗೆಯೇ ನಿಲ್ಲುವ ಕ್ಷಣವನ್ನು ಹಿಡಿಯಬೇಕು. ಒಂದು ಹನಿ ಹೆಚ್ಚಾದರೆ ಅಳತೆ ಕೆಟ್ಟಿತು. ‘ತೆಳು ಗುಲಾಬಿ’ ಎಂದರೆ ಎಷ್ಟು ತೆಳು ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಪಕ್ಕದಲ್ಲಿ ನಿಂತವರು ‘ಸಾಕು, ನಿಲ್ಲಿಸು’ ಎಂದಾಗಲೇ ಕಣ್ಣು ಪಳಗುವುದು.

ಮೂರು ಸಲ ಓದಿಸಿದ ವರ್ಷ

ರಸಾಯನಶಾಸ್ತ್ರ ಪರೀಕ್ಷೆಯ ಮಾತು ಬಂದಾಗ 2016ನ್ನು ಮರೆಯುವಂತಿಲ್ಲ. ಆ ವರ್ಷ ಮಾರ್ಚ್ 21ರ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪರೀಕ್ಷೆ ಪ್ರಶ್ನೆಪತ್ರಿಕೆ ಸೋರಿಕೆಯಿಂದ ರದ್ದಾಯಿತು. ಮಾರ್ಚ್ 31ಕ್ಕೆ ಮರುಪರೀಕ್ಷೆ ನಿಗದಿಯಾಯಿತು. ಆ ಪ್ರಶ್ನೆಪತ್ರಿಕೆಯೂ ಸೋರಿಕೆಯ ಪಾಲಾಗಿ ಅದೂ ರದ್ದಾಯಿತು. ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ರಂದು. ರಾಜ್ಯದ 1.7 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಒಂದೇ ವಿಷಯಕ್ಕೆ ಮೂರು ಸಲ ಸಿದ್ಧರಾಗಬೇಕಾಯಿತು. ಬೀದಿಗಿಳಿದು ಪ್ರತಿಭಟಿಸಿದವರೂ ಅವರೇ. ಸಿಐಡಿ ತನಿಖೆ ನಡೆದು ಹಲವರ ಬಂಧನವಾಯಿತು.

ಬೆಂಗಳೂರಿನಲ್ಲಿ ಅದು ಸುದ್ದಿಯಾದರೆ, ಕಲಬುರಗಿಯಂಥ ಜಿಲ್ಲೆಗಳಲ್ಲಿ ಅದು ಖರ್ಚೂ ಆಗಿತ್ತು. ಏಪ್ರಿಲಿನ ಬಿಸಿಲಿಗೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿನ ಹೊತ್ತಿಗೆ ಬದಲಿಸುವ ಪ್ರದೇಶವಿದು. ಹಳ್ಳಿಯಿಂದ ಬಂದು ಖೋಲಿ ಹಿಡಿದವನಿಗೆ ಇನ್ನೂ ಮೂರು ವಾರ ಎಂದರೆ ಬಾಡಿಗೆ, ಊಟ, ಬಸ್ಸಿನ ದುಡ್ಡು. ಸೋರಿಕೆ ಕದಿಯುವುದು ಪ್ರಶ್ನೆಪತ್ರಿಕೆಯನ್ನು ಮಾತ್ರವಲ್ಲ. ತಿಂಗಳುಗಟ್ಟಲೆ ಕೂಡಿ ಓದಿದವರ ಶ್ರಮವೂ, ರಾತ್ರಿ ಮೊಬೈಲಿಗೆ ಉತ್ತರ ತರಿಸಿಕೊಂಡವನ ದುಡ್ಡೂ ಒಂದೇ ತಕ್ಕಡಿಯಲ್ಲಿ ಕೂರುವಂತೆ ಮಾಡುತ್ತದೆ. ಒಂದು ಸಲದ ಬದಲು ಮೂರು ಅವಕಾಶ ಕೊಡುವ ಪದ್ಧತಿ 2024ರಲ್ಲಿ ಜಾರಿಗೆ ಬಂತು. ಆದರೆ 2016ರ ಮೂರು ಸಲ ಅವಕಾಶವಾಗಿರಲಿಲ್ಲ, ಶಿಕ್ಷೆಯಾಗಿತ್ತು.

ಬಾಗಿಲು ತೆರೆದಿದೆ, ಹೊಸ್ತಿಲು ಎತ್ತರ

ಈ ಮೂರು ತಾಲ್ಲೂಕುಗಳ ಮಟ್ಟಿಗೆ ಈ ವಿಷಯಕ್ಕೆ ಇನ್ನೊಂದು ಮಹತ್ವವಿದೆ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ದೀರ್ಘ ಹೋರಾಟದ ಮೇಲೆ 2012ರ ಕೊನೆಯಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟು, 371(ಜೆ) ವಿಧಿ ಸೇರ್ಪಡೆಯಾಯಿತು. ಅದರಂತೆ ಈ ಪ್ರದೇಶದ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದ ಕಡೆಯೂ ಶೇ 8ರಷ್ಟು ಪಾಲಿದೆ.

ಮೀಸಲಾತಿ ಬಾಗಿಲು ತೆರೆಯಬಲ್ಲದು. ಹೊಸ್ತಿಲನ್ನು ದಾಟುವುದು ವಿದ್ಯಾರ್ಥಿಯ ಕಾಲು. ಆ ಹೊಸ್ತಿಲಲ್ಲಿ ರಸಾಯನಶಾಸ್ತ್ರ ಕೂತಿದೆ. ಪಿಯುಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಸಾಮಾನ್ಯವಾಗಿ ಕೆಳಭಾಗದಲ್ಲೇ ಕಾಣುತ್ತವೆ. 2025ರಲ್ಲಿ ಉಡುಪಿ ಮೊದಲ ಸ್ಥಾನ ಪಡೆದರೆ, ಹಿಂದೆ ಕಲಬುರಗಿಯ ಭಾಗವೇ ಆಗಿದ್ದ ಯಾದಗಿರಿ ಕೊನೆಯ ಸ್ಥಾನದಲ್ಲಿತ್ತು. ಈ ಅಂತರಕ್ಕೆ ಕಾರಣ ಮಕ್ಕಳ ಬುದ್ಧಿಯಲ್ಲ ಎಂಬುದನ್ನು ಬರ್ಕ್ಲಿಯ ಪಾಠವೇ ಹೇಳುತ್ತದೆ. ಯಾರಿಗೆ ಕೂತು ಕೇಳಲು ಜಾಗವಿದೆ, ಹೇಳುವವರಿದ್ದಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಕೂಡಿ ಓದುವುದಕ್ಕೂ ಮಿತಿಗಳಿವೆ. ಗುಂಪಿನಲ್ಲಿ ಒಬ್ಬನಿಗೂ ಸರಿಯಾದ ಉತ್ತರ ಗೊತ್ತಿಲ್ಲದಿದ್ದರೆ ತಪ್ಪನ್ನೇ ಐವರೂ ಗಟ್ಟಿಯಾಗಿ ಕಲಿಯುತ್ತಾರೆ. ‘ಇದು ಬಂದೇ ಬರುತ್ತದೆ’ ಎಂಬ ಗಾಳಿಮಾತಿನ ಪ್ರಶ್ನೆಗಳ ಹಿಂದೆ ಬಿದ್ದು ಪುಸ್ತಕವನ್ನೇ ಮುಚ್ಚಿಡುವ ಗುಂಪುಗಳೂ ಉಂಟು. ಆಗಾಗ ಬಂದು ಸಂಶಯ ಬಗೆಹರಿಸುವ ಒಬ್ಬ ಉಪನ್ಯಾಸಕರು, ಬಾಗಿಲು ಹಾಕಿಡದ ಒಂದು ಪ್ರಯೋಗಾಲಯ, ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು, ಇಷ್ಟಿದ್ದರೆ ಗುಂಪು ಹಾದಿ ತಪ್ಪುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಮಿತಿ, ಈ ಗುಂಪಿನ ಹೊರಗೆ ಉಳಿಯುವವರದು. ಖೋಲಿ ಹಿಡಿಯುವ ಸ್ವಾತಂತ್ರ್ಯ ಹುಡುಗರಿಗಿದೆ. ಹಾಸ್ಟೆಲ್ ಸಿಗದ ಹುಡುಗಿಗೆ ಕಾಲೇಜು ಬಿಟ್ಟ ಮೇಲೆ ಊರಿನ ಬಸ್ಸೇ ಗತಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಅವಳ ಟಿಕೆಟ್ ದುಡ್ಡು ಉಳಿಯಿತು. ಬಸ್ಸಿನ ವೇಳೆ ಬದಲಾಗಲಿಲ್ಲ. ಮನೆಗೆ ಹೋದ ಮೇಲೆ ರೊಟ್ಟಿ ಬಡಿದು, ಭಾಂಡೆ ತೊಳೆದು, ದೀಪದ ಕೆಳಗೆ ಕೂತಾಗ ‘ಆರ್ಡರ್’ ಎಂದರೇನೆಂದು ಕೇಳಲು ಅವಳಿಗೆ ಆ ಊರಿನಲ್ಲಿ ಇನ್ನೊಬ್ಬ ವಿಜ್ಞಾನದ ವಿದ್ಯಾರ್ಥಿನಿ ಇಲ್ಲದಿರಬಹುದು. ಮಧ್ಯಾಹ್ನ ಪಾಠ ಮುಗಿದ ಮೇಲೆ ಬಸ್ಸು ಬರುವವರೆಗೆ ಕಾಲೇಜಿನ ಒಂದು ಕೋಣೆಯನ್ನು ಇಂಥವರಿಗೆ ತೆರೆದಿಡಲು ಹೊಸ ಕಟ್ಟಡ ಬೇಕಿಲ್ಲ, ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ. ಬೀಗದ ಕೈ ಹಿಡಿದವರು ಒಂದೆರಡು ಗಂಟೆ ಹೆಚ್ಚು ಕಾದರೆ ಸಾಕು.